ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಕೊಳ್ಳುತ್ತೀರಾ? ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ

ಲೇಹ್, ಸ್ಪಿತಿ, ಕಛ್, ಅರುಣಾಚಲ ಎಂದು ಸ್ವಂತ ಗಾಡಿಯಲ್ಲೇ ವಾರಗಟ್ಟಲೆ ತಿರುಗಾಡಬೇಕು ಅನ್ನುವವರು ಬೆಂಗಳೂರಿನಲ್ಲಿ ಈಗ ಜಾಸ್ತಿಯಾಗಿದ್ದಾರೆ. ಹೊಸ ಗಾಡಿಯ ಆನ್‌ರೋಡ್ ಬೆಲೆ ಕೇಳಿದ ಮೇಲೆ ಹಳೇ ಥಾರ್, ಹಳೇ ಜಿಪ್ಸಿ, ಹಳೇ ಫಾರ್ಚುನರ್ ಹುಡುಕಲು ಶುರು ಮಾಡುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಮಾರುವವರು ಹಾಕುವ ಫೋಟೊಗಳಲ್ಲಿ ಕಾಣುವುದು ದೊಡ್ಡ ಟೈರು, ಮುಂದಿನ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಹಗ್ಗದ ರಾಟೆ), ಮೇಲಿನ ಲೈಟುಗಳ ಸಾಲು ಅಷ್ಟೇ. ಮನೆಯಿಂದ ಎರಡು ಸಾವಿರ ಕಿಲೋಮೀಟರ್ ಆಚೆ ಕೈ ಕೊಡದೆ ನಡೆಯಬೇಕಾದ ಭಾಗಗಳೆಲ್ಲ ಗಾಡಿಯ ಅಡಿಯಲ್ಲಿರುತ್ತವೆ, ಅವುಗಳ ಫೋಟೊ ಯಾರೂ ಹಾಕುವುದಿಲ್ಲ. ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು ಒಂದೇ: ಕಂಪನಿ ಕೊಟ್ಟ ಹಾಗೇ ಇರುವ, ಸರ್ವಿಸ್ ಲೆಕ್ಕ ಸರಿಯಾಗಿರುವ ಸಾದಾ ಗಾಡಿ ಹುಡುಕಿ. ಅಲಂಕಾರ ಆಮೇಲೆ ಮಾಡಿಕೊಳ್ಳಬಹುದು.

ಮೊದಲು ದಾರಿ, ಆಮೇಲೆ ಗಾಡಿ

ಎಲ್ಲಿಗೆ ಹೋಗುತ್ತೀರಿ ಅನ್ನುವುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬೆಂಗಳೂರಿನಿಂದ ಲೇಹ್‌ಗೆ ಒಂದು ದಿಕ್ಕಿಗೇ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಹೈದರಾಬಾದ್, ನಾಗ್ಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44. ಅಂದರೆ ಕಲ್ಲು, ಕೆಸರು, ತೊರೆ ಸಿಗುವುದು ಕೊನೆಯ ಸ್ವಲ್ಪ ದೂರ ಮಾತ್ರ, ಉಳಿದದ್ದೆಲ್ಲ ಟಾರು ರಸ್ತೆಯಲ್ಲಿ ದಿನವಿಡೀ ಕೂತು ಓಡಿಸುವುದು. ಜಿಪ್ಸಿ ಗುಡ್ಡ ಹತ್ತುವುದರಲ್ಲಿ ಬಹಳ ಗಟ್ಟಿ, ತೂಕ ಕಡಿಮೆ, ರಿಪೇರಿ ಸುಲಭ. ಆದರೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇರುವ ಆ ಗಾಡಿಯಲ್ಲಿ ನಾಗ್ಪುರ ತಲುಪುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ. ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನ ಕಡೆಯೇ ನಿಮ್ಮ ಓಡಾಟ ಅಂತಾದರೆ ಅದೇ ಜಿಪ್ಸಿ ಸರಿಯಾದ ಆಯ್ಕೆ.

ಎರಡನೇ ಪ್ರಶ್ನೆ, ಲೋ ರೇಂಜ್ ಬೇಕೋ ಬೇಡವೋ. ಗೇರ್ ಲಿವರಿನ ಪಕ್ಕದ ಚಿಕ್ಕ ಲಿವರಿನಲ್ಲಿ ಅಥವಾ ಡ್ಯಾಶ್‌ಬೋರ್ಡಿನ ಗುಂಡಿಯಲ್ಲಿ 4ಎಲ್ ಅಂತ ಇದ್ದರೆ ಲೋ ರೇಂಜ್ ಇದೆ ಎಂದು ಅರ್ಥ. ಅದನ್ನು ಹಾಕಿದರೆ ಚಕ್ರಗಳ ಎಳೆತ ಹೆಚ್ಚಾಗಿ, ಗಾಡಿ ನಡಿಗೆಯ ವೇಗದಲ್ಲಿ ಕಡಿದಾದ ಏರು ಹತ್ತುತ್ತದೆ, ಇಳಿಯುವಾಗ ಬ್ರೇಕ್ ಕಾಯದೆ ಇಳಿಯುತ್ತದೆ. ಡಸ್ಟರ್ ಎಡಬ್ಲ್ಯುಡಿ, ಎಕ್ಸ್‌ಯುವಿ500 ಎಡಬ್ಲ್ಯುಡಿ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಆದರೆ ಲೋ ರೇಂಜ್ ಇಲ್ಲ. ಸ್ಪಿತಿಯ ಬೇಸಿಗೆ ಪ್ರವಾಸಕ್ಕೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೆದ್ದಾರಿಯಲ್ಲಂತೂ ಅವು ಜೀಪಿಗಿಂತ ಎಷ್ಟೋ ಆರಾಮ.

ಥಾರ್ ನೋಡುವವರು ಒಂದು ವಿಷಯ ಗಮನಿಸಲೇಬೇಕು. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಮೊದಲು ಬರೀ ಫೋರ್ ವೀಲ್ ಡ್ರೈವ್ ಆಗಿತ್ತು. 2023ರ ಜನವರಿಯಿಂದ ಹಿಂದಿನ ಎರಡೇ ಚಕ್ರ ಎಳೆಯುವ ಥಾರ್ ಕೂಡ ಬಂತು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಹಿಂದಿನ 4×4 ಬಿಲ್ಲೆಯನ್ನು ಯಾರು ಬೇಕಾದರೂ ಅಂಟಿಸಬಹುದು. ಬಾಗಿಲು ತೆಗೆದು ಲಿವರ್ ನೋಡಿ, ಕೆಳಗೆ ಬಗ್ಗಿ ಮುಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳ ನಡುವೆ ಶಕ್ತಿ ಹಂಚುವ ಗೇರುಗಳ ಗುಂಡು) ಇದೆಯೇ ನೋಡಿ. ಸ್ಕಾರ್ಪಿಯೊ, ಸಫಾರಿ ಸ್ಟಾರ್ಮ್‌ಗಳಲ್ಲೂ ಹೀಗೇ ಎರಡೂ ಬಗೆ ಇವೆ.

ಬಿಡಿಭಾಗದ ಯೋಚನೆಯೂ ಈಗಲೇ ಮಾಡಬೇಕು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಲ್ಲಿ ಅಲೆದರೆ ಏನಾದರೂ ಸಿಗುತ್ತದೆ, ಆದರೆ ಮನಾಲಿ–ಲೇಹ್ ದಾರಿಯ ಕೇಲಾಂಗ್‌ನಲ್ಲಿ ಕ್ಲಚ್ ಹೋದರೆ? ಮಹೀಂದ್ರ, ಟಾಟಾ ಗಾಡಿಗಳನ್ನು ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ನೋಡಿರುತ್ತಾನೆ. ಜಿಪ್ಸಿಯನ್ನು ಸೈನ್ಯ ದಶಕಗಳ ಕಾಲ ಓಡಿಸಿದೆ, ಹಾಗಾಗಿ ಬೆಟ್ಟದ ಊರುಗಳಲ್ಲಿ ಅದರ ರಿಪೇರಿ ಬಲ್ಲವರಿದ್ದಾರೆ. ಫೋರ್ಡ್ ಎಂಡೆವರ್, ಮಿತ್ಸುಬಿಷಿ ಪಜೆರೊ ಸ್ಪೋರ್ಟ್ ಎರಡೂ ದೂರದ ದಾರಿಗೆ ನಿಜಕ್ಕೂ ಒಳ್ಳೆಯ ಗಾಡಿಗಳು, ಈಗ ಬೆಲೆಯೂ ಇಳಿದಿದೆ. ಆದರೆ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲೇ ಹೇಳಿತು, ಪಜೆರೊ ಸ್ಪೋರ್ಟ್ ಮಾರಾಟವೂ ನಿಂತು ವರ್ಷಗಳಾದವು. ಇವನ್ನು ಕೊಳ್ಳುವುದಾದರೆ ಬೆಲ್ಟು, ಹೋಸು, ಫಿಲ್ಟರು, ಸೆನ್ಸರುಗಳನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಹೊರಡಬೇಕು.

ನಂಬರ್ ಪ್ಲೇಟ್ ಓದಿ

ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಗಾಡಿ ಬೆಂಗಳೂರಿನಲ್ಲೇ ಬೆಳೆದಿರಬೇಕೆಂದಿಲ್ಲ. ಕೆಎ-19, ಕೆಎ-20 ಅಂದರೆ ಮಂಗಳೂರು, ಉಡುಪಿ. ಕಡಲ ಉಪ್ಪುಗಾಳಿಗೆ ಚಾಸಿಯ ಬೆಸುಗೆಗಳಲ್ಲಿ, ಬ್ರೇಕ್ ಪೈಪುಗಳಲ್ಲಿ, ಬಾಡಿ ಕೂರುವ ಜಾಗಗಳಲ್ಲಿ ತುಕ್ಕು ಹಿಡಿದಿದೆಯೇ ಎಂದು ಹುಡುಕಬೇಕು. ಗಾಡಿಯ ಕೆಳಭಾಗಕ್ಕೆ ಹೊಚ್ಚ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ, ಟಣ್ ಅನ್ನದೆ ಮೊದ್ದಾಗಿ ಸದ್ದು ಬಂದರೆ ಒಳಗೆ ಕಬ್ಬಿಣ ಹೋಗಿದೆ. ಕೆಎ-12, ಕೆಎ-18, ಕೆಎ-46 ಅಂದರೆ ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರ. ಎಸ್ಟೇಟಿನಲ್ಲಿ ದುಡಿದ ಗಾಡಿಯ ಸ್ಪ್ರಿಂಗ್, ಬುಷ್, ಕ್ಲಚ್ ಸವೆದಿರುತ್ತವೆ, ಆದರೆ ಅದರ ಫೋರ್ ವೀಲ್ ಡ್ರೈವ್ ಆಗಾಗ ಬಳಕೆಯಾಗಿ ಸರಿಯಾಗಿ ಕೆಲಸ ಮಾಡುತ್ತಿರುವ ಸಾಧ್ಯತೆ ಜಾಸ್ತಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತು ನಿಂತೇ ಐದು ವರ್ಷ ಕಳೆದ ಫಳಫಳ ಗಾಡಿಯಲ್ಲಿ ಒಂದು ದಿನವೂ 4ಎಲ್ ಹಾಕಿರುವುದಿಲ್ಲ, ಶಿಫ್ಟ್ ಮಾಡುವ ಮೋಟರ್ ಕಚ್ಚಿಕೊಂಡಿರುತ್ತದೆ, ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿರುತ್ತದೆ.

ಇನ್ನೊಂದು ಅಪಾಯ ನೀರು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟು ಗಾಡಿಗಳು ಮುಳುಗಿದವು ನೋಡಿದ್ದೀರಲ್ವಾ? ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ಅರ್ಧ ಅಡಿಯಲ್ಲಿ ಕೆಸರಿನ ಗೆರೆ ಕಂಡರೆ ಮಾತು ಅಲ್ಲಿಗೇ ಮುಗಿಸಿ. ಸ್ಟೆಪ್ನಿ ಇಡುವ ಜಾಗ, ಕಾರ್ಪೆಟ್ಟಿನ ಅಡಿ, ಫ್ಯೂಸ್ ಬಾಕ್ಸಿನ ಮೂಲೆಗಳನ್ನೂ ನೋಡಿ.

ನೋಡಲು ಹೋದ ದಿನ

ಬೆಳಗ್ಗೆಯೇ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಓನರಿಗೆ ಹೇಳಿಡಿ. ಬಾನೆಟ್ ಮುಟ್ಟಿ ನೋಡಿದಾಗ ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ, ಯಾಕೆಂದರೆ ಡೀಸೆಲ್ ಎಂಜಿನ್ನಿನ ನಿಜವಾದ ಆರೋಗ್ಯ ತಿಳಿಯುವುದು ತಣ್ಣಗಿರುವಾಗ ಮಾಡುವ ಮೊದಲ ಸ್ಟಾರ್ಟಿನಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಹುಷಾರಾಗಿ ತೆಗೆಯಿರಿ, ಅಲ್ಲಿಂದ ರಭಸವಾಗಿ ಗಾಳಿ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿವೆ. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿಗೆ ಇನ್ನೊಂದು ಪ್ರಶ್ನೆ ಇದೆ. ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ, ಗಾಡಿ ಆಗಾಗ ಹೆದ್ದಾರಿಯಲ್ಲಿ ಓಡಿದರೆ ಮಾತ್ರ ಆ ಮಸಿ ಸುಟ್ಟು ಫಿಲ್ಟರ್ ಚೊಕ್ಕವಾಗುತ್ತದೆ. ಬರೀ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳಿದ ಗಾಡಿಯಾದರೆ ಕಟ್ಟಿಕೊಂಡಿರಬಹುದು, ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ನೋಡಿ.

ಈಗ ಟಾರ್ಚ್ ಹಿಡಿದು ಕೆಳಗೆ ಮಲಗಿ. ಮೊಬೈಲ್ ಬೆಳಕು ಸಾಲದು, ಒಂದು ಹಳೇ ಬೆಡ್‌ಶೀಟ್ ಕೂಡ ಜೊತೆಗಿರಲಿ. ಚಾಸಿಯ ಮೇಲೆ ಕಂಪನಿಯದ್ದಲ್ಲದ ಬೆಸುಗೆ ಕಂಡರೆ, ಅದರಲ್ಲೂ ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದ ಸುತ್ತ ಬಿರುಕು ಅಥವಾ ತೇಪೆ ಕಂಡರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಟಕ್ ಟಕ್ ಅಂದರೆ ಜಾಯಿಂಟ್ ಹೋಗಿದೆ. ಇದು ಸಣ್ಣ ಖರ್ಚು, ಬೆಲೆ ಇಳಿಸಿ ಕೇಳಲು ಒಳ್ಳೆಯ ಕಾರಣ. ಮುಂದಿನ ಆಕ್ಸಲ್ಲಿನ ರಬ್ಬರ್ ಬೂಟುಗಳು ಹರಿದಿವೆಯೇ, ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಆಯಿಲ್ ಸೋರುತ್ತಿದೆಯೇ ನೋಡಿ. ನಾನು ಇಷ್ಟಕ್ಕೇ ನಿಲ್ಲಿಸುವುದಿಲ್ಲ, ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಬೋಲ್ಟ್ ಬಿಚ್ಚಿಸಿ ಒಂದೆರಡು ಹನಿ ತೆಗೆದು ನೋಡಿ ಎಂದು ಹೇಳುತ್ತೇನೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಅಂದರೆ ಯಾರೋ ಹೊಳೆಯಲ್ಲಿ ಗಾಡಿ ಇಳಿಸಿ ಆಮೇಲೆ ಆಯಿಲ್ ಬದಲಾಯಿಸಿಲ್ಲ, ಒಳಗಿನ ಬೇರಿಂಗುಗಳು ಆಗಲೇ ಸವೆಯಲು ಶುರುವಾಗಿರುತ್ತವೆ. ಇದನ್ನು ಮಾಡಲು ಓನರ್ ಒಪ್ಪದಿದ್ದರೆ ನಿಮ್ಮ ಪರಿಚಯದ ಗ್ಯಾರೇಜಿಗೆ ತರಲು ಕೇಳಿ. ಅದಕ್ಕೂ ಒಪ್ಪದಿದ್ದರೆ ಬಿಟ್ಟುಬಿಡಿ, ಗಾಡಿಗಳಿಗೇನೂ ಬರವಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರ ತಯಾರಾದ ಟೈರು. ಟೈರಿನ ಮೇಲಿನ ಬಟನ್ ಸವೆಯದೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಹೊಸ ಸೆಟ್ಟಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಾಲ್ಕೂ ಒಂದೇ ಸೈಜ್ ಇರಲೇಬೇಕು, ಇಲ್ಲದಿದ್ದರೆ 4ಎಚ್ (ನಾಲ್ಕೂ ಚಕ್ರ ಎಳೆಯುವ ಹೈ ರೇಂಜ್) ಹಾಕಿದಾಗಲೆಲ್ಲ ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಮಣ್ಣಿನ ಮೇಲೆ ಓಡಿಸದೆ ಟೋಕನ್ ಕೊಡಬೇಡಿ

ಥಾರ್, ಜಿಪ್ಸಿ, ಜಿಮ್ನಿ, 2016ರ ನಂತರದ ಫಾರ್ಚುನರ್ ಎಲ್ಲವೂ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವಂಥವು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು, ಆದರೆ 4ಎಚ್‌ನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ, ಒಣ ಟಾರಿನ ಮೇಲೆ ಆ ಬಿಗಿತವೆಲ್ಲ ಗೇರುಗಳ ಮೇಲೇ ಬೀಳುತ್ತದೆ. ಅದಕ್ಕೇ ಟೆಸ್ಟ್ ಡ್ರೈವನ್ನು ಮುಖ್ಯರಸ್ತೆಯಲ್ಲಿ ಮುಗಿಸಬೇಡಿ. ದೇವನಹಳ್ಳಿ ಕಡೆಯೋ ಕನಕಪುರ ರಸ್ತೆಯ ಕಡೆಯೋ ಟಾರು ಹಾಕದ ಯಾವುದಾದರೂ ಲೇಔಟಿನ ಮಣ್ಣುದಾರಿಗೆ ಕರೆದುಕೊಂಡು ಹೋಗಿ. ಕಾಡಿನ ಜಾಗಕ್ಕೆ ಮಾತ್ರ ಇಳಿಯಬೇಡಿ, ಅಲ್ಲಿ ಅನುಮತಿ ಇಲ್ಲದೆ ಹೋಗುವಂತಿಲ್ಲ.

ನಿಧಾನಕ್ಕೆ ಹೋಗುತ್ತಾ 4ಎಚ್ ಹಾಕಿ, ಡ್ಯಾಶ್‌ಬೋರ್ಡಿನ ದೀಪ ಹೊತ್ತಿತು ಅಂದಮಾತ್ರಕ್ಕೆ ನಂಬಬೇಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿ. ಗಾಡಿ ಸ್ವಲ್ಪ ತಡೆದ ಹಾಗೆ, ಎಳೆದ ಹಾಗೆ ಅನಿಸಿದರೆ ಮುಂದಿನ ಆಕ್ಸಲ್ ನಿಜವಾಗಿ ಕೆಲಸ ಮಾಡುತ್ತಿದೆ. 2ಎಚ್‌ನಲ್ಲಿ (ಹಿಂದಿನ ಎರಡೇ ಚಕ್ರ ಎಳೆಯುವಾಗ) ಇದ್ದಷ್ಟೇ ಹಗುರವಾಗಿ ತಿರುಗಿದರೆ ಶಕ್ತಿ ಮುಂದಕ್ಕೆ ಹೋಗುತ್ತಿಲ್ಲ. ಆಮೇಲೆ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, 4ಎಲ್ ಹಾಕಿ ಮೊದಲ ಗೇರಿನಲ್ಲಿ ಕ್ಲಚ್ ಬಿಡಿ. ಆಕ್ಸಿಲರೇಟರ್ ಮುಟ್ಟದೆಯೇ ಏರು ಹತ್ತಬೇಕು. ಜಿಪ್ಸಿಯಾದರೆ ಟಾರಿಗೆ ವಾಪಸ್ ಬಂದು 2ಎಚ್‌ನಲ್ಲಿ ಅರವತ್ತು, ಎಪ್ಪತ್ತರ ವೇಗ ಮುಟ್ಟಿಸಿ. ಸ್ಟೀರಿಂಗ್ ಗಡಗಡ ನಡುಗಿದರೆ ಮುಂದಿನ ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಸವೆದಿರಬಹುದು.

ಮಾಡಿಫೈ ಮಾಡಿದ ಗಾಡಿಗಳ ಬಗ್ಗೆ ನನಗೆ ತಕರಾರಿರುವುದು ಇಲ್ಲೇ. ಎತ್ತರಿಸಿದ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ. ದೊಡ್ಡ ಟೈರು ಹಾಕಿದ್ದರೆ ಮೀಟರ್ ತೋರಿಸುವುದಕ್ಕಿಂತ ಗಾಡಿ ಹೆಚ್ಚೇ ಓಡಿರುತ್ತದೆ. ಸ್ನಾರ್ಕಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಇದ್ದರೆ ಅದು ಏರ್ ಫಿಲ್ಟರಿನ ಡಬ್ಬಿಗೆ ಗಾಳಿಯಾಡದ ಹಾಗೆ ಸೇರಿದೆಯೇ ನೋಡಿ, ಎಷ್ಟೋ ಗಾಡಿಗಳಲ್ಲಿ ಬರೀ ಹೊರಗೆ ಕೂರಿಸಿರುತ್ತಾರೆ. ವೈರಿಂಗ್ ಕತ್ತರಿಸಿ ಲೈಟು ಹಾಕಿದ್ದರೆ ಬೆಂಕಿಯ ಭಯ. ಆರ್‌ಸಿಯಲ್ಲಿ ನಮೂದಾಗದ ದೊಡ್ಡ ಬದಲಾವಣೆಗೆ ದಂಡವೂ ಬೀಳಬಹುದು, ವಿಮೆ ಕ್ಲೇಮಿಗೂ ತೊಡಕಾಗಬಹುದು.

ಕಾಗದಪತ್ರ

ಆರ್‌ಸಿಯ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನ ಜೊತೆ ನೀವೇ ಕಣ್ಣಾರೆ ಹೋಲಿಸಿ. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29, 30. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿ, ಅದನ್ನು ಮಾರುವವರೇ ಕಟ್ಟಲಿ.

ದೆಹಲಿಯ ಗಾಡಿ ಕಡಿಮೆಗೆ ಸಿಗುತ್ತದೆ ಎಂದು ಬ್ರೋಕರ್ ಹೇಳಿದರೆ ಕಾರಣ ತಿಳಿದಿರಲಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಬಹಳ ಕಾಲದಿಂದ ನಿರ್ಬಂಧದ ಮಾತು ನಡೆದೇ ಇದೆ, ಅದಕ್ಕೇ ಬೆಲೆ ಇಳಿದಿರುತ್ತದೆ. ಎನ್‌ಒಸಿ ತಂದು 12 ತಿಂಗಳೊಳಗೆ ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆಯನ್ನು ಗಾಡಿಯ ಮೂಲ ಬೆಲೆ, ವಯಸ್ಸು ನೋಡಿ ಹಾಕುತ್ತಾರೆ, ಫಾರ್ಚುನರ್‌ನಂಥ ಗಾಡಿಗೆ ಅದೇ ಲಕ್ಷಗಳಲ್ಲಿ ಬರುತ್ತದೆ. ಕೂಡಿಸಿ ನೋಡಿದರೆ ಇಲ್ಲಿನ ಗಾಡಿಯೇ ಅಗ್ಗ ಆಗಬಹುದು. ಸೈನ್ಯದ ಹರಾಜಿನ ಜಿಪ್ಸಿ ಅನ್ನುವವರಿದ್ದರೆ ಹರಾಜಿನ ಮೂಲ ಕಾಗದ ಕೈಗೆ ಬರುವ ತನಕ ದುಡ್ಡು ಕೊಡಬೇಡಿ.

ಕೊಂಡ ಮೇಲೆ

ನಿಮ್ಮ ಬಜೆಟ್ಟಿನಲ್ಲಿ ಐದನೇ ಒಂದು ಭಾಗವನ್ನು ಗಾಡಿಗೆ ಕೊಡದೆ ಹಾಗೇ ಉಳಿಸಿಕೊಂಡಿರಿ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಬ್ರೇಕ್, ಕೂಲಂಟ್, ಎಲ್ಲ ದ್ರವಗಳನ್ನೂ ಬದಲಾಯಿಸಿ, ಹಿಂದಿನವರು ಈಗಷ್ಟೇ ಮಾಡಿಸಿದ್ದೇವೆ ಅಂದರೂ ಸರಿ. ಆಮೇಲೆ ತೂಕದ ಲೆಕ್ಕ ಹಾಕಿ. ನಾಲ್ಕು ಜನ ಅಂದರೆ ಸುಮಾರು 280 ಕಿಲೋ. 40 ಲೀಟರ್ ನೀರು 40 ಕಿಲೋ. ಮೇಲೆ ಕಟ್ಟುವ ಟೆಂಟ್ 50 ಕಿಲೋ ದಾಟಬಹುದು. ಓನರ್ ಮ್ಯಾನುಯಲ್ಲಿನಲ್ಲಿ ಎಷ್ಟು ಹೊರಬಹುದು ಎಂದು ಬರೆದಿರುತ್ತದೆ, ಅದನ್ನು ಮೀರಬೇಡಿ. ಮನಾಲಿ–ಲೇಹ್ ದಾರಿಯ ಟಾಂಡಿ ಬಂಕಿನಲ್ಲಿದ್ದ 'ಮುಂದಿನ ಬಂಕ್ 365 ಕಿ.ಮೀ.' ಬೋರ್ಡು ಬಹಳ ಹೆಸರುವಾಸಿ. ನಿಮ್ಮ ಗಾಡಿ ಒಂದು ಟ್ಯಾಂಕಿಗೆ ಎಷ್ಟು ದೂರ ಹೋಗುತ್ತದೆ ಎಂದು ಮೊದಲೇ ಅಳೆದಿಟ್ಟುಕೊಳ್ಳಿ, ಎತ್ತರದ ಏರುದಾರಿಯಲ್ಲಿ ಮೈಲೇಜ್ ಇನ್ನೂ ಇಳಿಯುತ್ತದೆ.

ಲೇಹ್‌ಗೆ ಹೊರಡುವ ಮೊದಲು ಪೂರ್ತಿ ಸಾಮಾನು ತುಂಬಿಕೊಂಡು ಸಕಲೇಶಪುರದಿಂದ ಬಿಸಿಲೆ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ. ಏರು, ಇಳಿಜಾರು, ತಿರುವು, ಹೆದ್ದಾರಿ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಮನೆಗೆ ಬಂದ ರಾತ್ರಿ ಗಾಡಿಯ ಅಡಿ ರಟ್ಟು ಹಾಸಿಡಿ. ಬೆಳಗ್ಗೆ ಆ ರಟ್ಟಿನ ಮೇಲೆ ಎಲ್ಲಿ, ಯಾವ ಬಣ್ಣದ ಹನಿ ಬಿದ್ದಿದೆ ಎಂದು ಫೋಟೊ ತೆಗೆದುಕೊಂಡು ಮೆಕ್ಯಾನಿಕ್‌ಗೆ ತೋರಿಸಿ, ಆ ಸೋರಿಕೆ ನಿಂತ ಮೇಲೆ ಲೇಹ್‌ಗೆ ತಾರೀಕು ಗೊತ್ತು ಮಾಡಿ.