ಗಣಿಗೆ ಹೋಗೋ ಮಡ್ಡಿಯಾಗ ಏನೇನ್ ಜೀವ ಅದಾವ, ನಾವೇ ಲೆಕ್ಕ ಹಾಕೋದು ಹ್ಯಾಂಗ

ನಮ್ಮ ಸೇಡಂ, ಚಿತ್ತಾಪುರ ಕಡಿ ಸುಣ್ಣದಕಲ್ಲಿನ ಮಡ್ಡಿ ಅಂದ್ರ ಕಾಗದದಾಗ ಬಂಜರು. ಕುರಿ ಕಾಯೋ ಕಾಕಾನ್ನ ಕೇಳ್ರಿ, ಮೊನ್ನೆ ತೋಳ ಮರಿ ಎತ್ಗೊಂಡ್ ಹೋಗ್ಯದ ಅಂತಾರ. ಇಬ್ಬರೂ ಒಂದೇ ಮಡ್ಡಿ ಬಗ್ಗೆ ಹೇಳೋದು, ಆದ್ರ ಕಾಕಾನ ಮಾತು ಫೈಲಿನಾಗ ಇಲ್ಲ, ಅಷ್ಟೇ. ಅದನ್ನ ಫೈಲಿನಾಗ ಹ್ಯಾಂಗ ತರೋದು ಅಂತ ಬರ್ದೀನಿ.

ಮೊದಲ ಜಾಗ ಯಾವುದು ಅಂತ ಪಕ್ಕಾ ಮಾಡ್ಕೋರಿ. ಕೇಂದ್ರ ಸರ್ಕಾರದ ಪರಿಸರ ಪರ್ಮಿಷನ್ ವೆಬ್‌ಸೈಟು ಪರಿವೇಶ್ ಪೋರ್ಟಲ್‌ನಾಗ ಗಣಿ ಪ್ರಸ್ತಾವನೆ ಹುಡುಕಿ ಕೆಎಂಎಲ್ ಫೈಲ್ (ಜಾಗದ ನಕ್ಷಾ ಫೈಲ್) ಸಿಕ್ಕರ ಗೂಗಲ್ ಅರ್ಥ್‌ನಾಗ ತೆರೀರಿ, ಗಡಿ ಕಾಣ್ತದ. ಗಣಿ ಪರ್ಮಿಷನ್ ಸಲುವಾಗಿ ಕಂಪನಿ ಕೊಡೋ ಪರಿಸರ ಪರಿಣಾಮ ವರದಿ ಬರೆಯೋರು ಗಣಿ ಜಾಗ ಅಷ್ಟೇ ಅಲ್ಲ, ಸುತ್ತ 10 ಕಿಲೋಮೀಟರ್ ಬಫರ್ ಕೂಡ ನೋಡಬೇಕು. ಅದರಾಗ ಕೆರಿ, ಹಳ್ಳ, ಗಾಯರಾಣ ಎಲ್ಲೆಲ್ಲಿ ಬರ್ತಾವ, ಚಿಂಚೋಳಿ ವನ್ಯಜೀವಿಧಾಮ ಎಷ್ಟು ದೂರ, ಎಲ್ಲಾ ಗುರುತು ಹಾಕ್ಕೋರಿ.

ಇನ್ನ ಅಸಲಿ ವಿಷಯಕ್ಕ ಬರ್ತೀನಿ. ಗಣಿ ವರದಿಗೆ ಮಾಮೂಲಿ ಒಂದು ಸೀಸನ್ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು! ಅಂದ್ರ ಏಪ್ರಿಲ್‌ನಾಗ 42 ಡಿಗ್ರಿ ಬಿಸಲಾಗ ಮಧ್ಯಾಹ್ನ ಜೀಪಿನ್ಯಾಗ ಬಂದು ನೋಡಿದ್ರ ಮಡ್ಡಿ ಸತ್ತಂಗೇ ಕಾಣ್ತದ, ಮತ್ತ ಏನ್ ಕಂಡೀತು. ನಕ್ಷತ್ರ ಆಮೆ ಮೊದಲ ಮಳಿ ಬಿದ್ದ ಮ್ಯಾಲೆ ಓಡಾಡ್ತದ, ಗಡ್ಡಿ ಇರೋ ಗಿಡ ಜುಲೈ ಆಗಸ್ಟ್‌ನಾಗ ತಲಿ ಎತ್ತಿ ಹೂ ಬಿಟ್ಟು ಮಾಯ ಆಗ್ತಾವ, ಮಧ್ಯ ಏಷ್ಯಾದಿಂದ ಬರೋ ಹ್ಯಾರಿಯರ್ ಹದ್ದು ಚಳಿಗಾಲಕ್ಕ ಬಂದು ರಾತ್ರಿ ಹುಲ್ಲಿನಾಗ ನೆಲದ ಮ್ಯಾಲೇ ಮಲಗ್ತಾವ. ಹಂಗಾಗಿ ನೀವು ಕನಿಷ್ಠ 3 ಸಲ ಹೋಗ್ರಿ: ಜೂನ್ ಮಳಿ ಆದ ಮ್ಯಾಲೆ ಒಮ್ಮೆ, ಡಿಸೆಂಬರ್ ಜನವರಿಯಾಗ ಒಮ್ಮೆ, ಬ್ಯಾಸಿಗ್ಯಾಗ ನೀರು ಉಳಿದ ಜಾಗದ ಹತ್ರ ಒಮ್ಮೆ. ಮುಂಜಾನೆ 6ರಿಂದ 9, ಸಂಜಿ ಸೂರ್ಯ ಮುಳುಗೋ ಮುಂದ. ಹ್ಯಾರಿಯರ್ ಎಣಿಸಬೇಕಂದ್ರ ಸಂಜಿ ಸುಮ್ಮ ಒಂದ್ಕಡಿ ಕುಂದ್ರಬೇಕು, ಅವೇ ಇಳೀತಾವ.

ನಡೆಯೋ ದಾರಿ ಮೊದಲೇ ಗೆರಿ ಹಾಕ್ಕೋರಿ. ಎರೆ ಹೊಲದ ಅಂಚು, ಹುಲ್ಲು ಮಡ್ಡಿ, ಹಳ್ಳದ ದಂಡಿ, ಹಳೇ ಫರಸಿ ಖಣಿ, ಎಲ್ಲದರಾಗೂ ಹಾಯಬೇಕು. ಹಳೇ ಖಣಿ ಬಿಡಬ್ಯಾಡ್ರಿ, ಅದರ ಗ್ವಾಡಿ ಸಂದಿನ್ಯಾಗ ಕೊಂಬಿನ ಗೂಬಿ ಗೂಡು ಸಿಗಬಹುದು. ಎಷ್ಟು ತಾಸು ನಡದ್ರಿ, ಎಷ್ಟು ಮಂದಿ ಇದ್ರಿ ಬರೀರಿ, ಏನೂ ಕಾಣಲಿಲ್ಲ ಅಂದ್ರೂ ಬರೀಲೇಬೇಕು. ಇದನ್ನ ಬಿಟ್ಟ ಪಟ್ಟಿಗೆ ಬೆಲಿ ಇಲ್ಲ.

ಪ್ರಾಣಿ ಎದುರಿಗೇ ನಿಂದ್ರಬೇಕಂತ ಇಲ್ಲ. ಗಂಡು ಚಿಗರಿ (ಕೃಷ್ಣಮೃಗ) ಒಂದೇ ಜಾಗದಾಗ ಮತ್ತ ಮತ್ತ ಹಿಕ್ಕಿ ಹಾಕ್ತದ, ಗುಂಪಾಗಿ ಕಾಣ್ತದ. ಕತ್ತೆಕಿರುಬ ಎಲುಬು ತಿನ್ನೋದ್ರಿಂದ ಅದರ ಲದ್ದಿ ಒಣಗಿದ್ರ ಬೆಳ್ಳಗ ಸುಣ್ಣದಂಗ. ತೋಳದ ಲದ್ದಿನ್ಯಾಗ ಕೂದಲ ಇರ್ತದ, ಬರಿಗೈಲೆ ಮುಟ್ಟಬ್ಯಾಡ್ರಿ, ರೋಗದ ಹುಳದ ತತ್ತಿ ಇರಬಹುದು. ಹೆಜ್ಜಿ ನೋಡಿ ತೋಳ ಅಂತ ಹೇಳೋದು ಮಾತ್ರ ಕಷ್ಟ, ನಾಯಿ ಹೆಜ್ಜಿನೂ ಹಂಗೇ, ಪಕ್ಕದಾಗ ಸ್ಕೇಲ್ ಇಟ್ಟು ಫೋಟೋ ತಗೋರಿ, ಗೊತ್ತಿದ್ದೋರು ನೋಡಲಿ. ಫೋಟೋದಾಗ ಜಿಪಿಎಸ್ ಲೊಕೇಶನ್, ತಾರೀಖು ಬರಂಗ ಸೆಟ್ಟಿಂಗ್ ಮಾಡ್ರಿ. ಮೀಸಲು ಅರಣ್ಯದಾಗ ಹೋಗೋದಿದ್ರ ಅರಣ್ಯ ಇಲಾಖೆ ಪರ್ಮಿಷನ್ ಬೇಕು.

ಕುರಿ ಕಾಯೋರಿಗೆ ಚಿತ್ರ ತೋರಿಸಿ ಕೇಳ್ರಿ, ಆದ್ರ ಚಿತ್ರದ ನಡುವ ಇಲ್ಲಿ ಇರಲಾರದ ಒಂದೆರಡು ಪ್ರಾಣಿ ಸೇರಿಸ್ರಿ, ಎಲ್ಲದಕ್ಕೂ ಹೂಂ ಅಂದ್ರ ಆ ಉತ್ತರ ಬದಿಗಿಡ್ರಿ. ನಂದೇ ಒಂದು ತಪ್ಪು ಹೇಳ್ತೀನಿ, ಮೊದಲನೇ ಪಟ್ಟಿನ್ಯಾಗ ಕೇಳಿದ ಮಾತು ನಂಬಿ ಎರೆಭೂತ (ಅಳಿವಿನ ಅಂಚಿನಾಗ ಇರೋ ದೊಡ್ಡ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್) ಬರ್ದಿದ್ದೆ, ಹಿರಿ ಪಕ್ಷಿ ವೀಕ್ಷಕರೊಬ್ಬರು ನಕ್ಕು, ತಮ್ಮಾ ಇದೊಂದು ಸಾಲಿನಿಂದ ಉಳಿದ 60 ಸಾಲೂ ಸುಳ್ಳಾಗ್ತಾವ ಅಂದ್ರು. ಅವತ್ತಿಂದ ಮೂರು ಕಾಲಂ: ಕಣ್ಣಾರೆ ಕಂಡದ್ದು, ಗುರುತು ಸಿಕ್ಕದ್ದು, ಬರೇ ಕೇಳಿದ್ದು.

ಇನ್ನ ಯಾವುದು ಅಪರೂಪ ಅನ್ನೋದಕ್ಕ ಎರಡು ಪಟ್ಟಿ ಅದಾವ, ಮಂದಿ ಎರಡೂ ಬೆರಸಿಬಿಡ್ತಾರ. ಜಗತ್ತಿನ ಮಟ್ಟದಾಗ ಯಾವ ಜೀವ ಅಳಿವಿನ ಅಪಾಯದಾಗ ಅದ ಅಂತ ಹೇಳೋ ಐಯುಸಿಎನ್ ಪಟ್ಟಿನ್ಯಾಗ ಚಿಗರಿಗೆ ದೊಡ್ಡ ಆತಂಕ ಇಲ್ಲ, ಆದ್ರ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಅದು ಶೆಡ್ಯೂಲ್ 1, ಅಂದ್ರ ಎಲ್ಲಕ್ಕಿಂತ ಹೆಚ್ಚು ರಕ್ಷಣಿ ಇರೋ ಪಟ್ಟಿ. ಇಲ್ಲಿ ಕೆಲಸಕ್ಕ ಬರೋದು ಕಾಯ್ದೆನೇ, ಯಾಕಂದ್ರ ಶೆಡ್ಯೂಲ್ 1 ಜೀವಿ ಅದ ಅಂತಾದ್ರ ಕಂಪನಿ ಸಂರಕ್ಷಣಾ ಯೋಜನೆ ಮಾಡಿ ಅದಕ್ಕ ರೊಕ್ಕ ಇಡಬೇಕಾಗ್ತದ. 2022ರ ತಿದ್ದುಪಡಿಯಾಗ ಶೆಡ್ಯೂಲ್‌ಗಳು ಬದಲಾಗ್ಯಾವ, ಹಳೇ ಪಟ್ಟಿ ನೋಡಿ ಬರೀಬ್ಯಾಡ್ರಿ.

ಗಣಿ ಬಗ್ಗೆ ಊರ ಮಂದಿ ಮಾತು ಕೇಳೋ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪೇಪರಿನ್ಯಾಗ ನೋಟಿಸ್ ಬರ್ತದ, ವರದಿಯ ಕನ್ನಡದ ಸಾರಾಂಶ ಡಿಸಿ ಆಫೀಸು, ಜಿಲ್ಲಾ ಪಂಚಾಯತಿನ್ಯಾಗ ಸಿಗ್ತದ. ಕಂಪನಿ ವರದಿಯ ಪ್ರಾಣಿ ಪಟ್ಟಿ ನಿಮ್ಮ ಪಟ್ಟಿ ಪಕ್ಕ ಇಟ್ಟು ನೋಡ್ರಿ. ಪಶ್ಚಿಮ ಘಟ್ಟದ ಅಳಿಲು ಸೇಡಂನಾಗ ಬಂದಿದ್ರ ಎಲ್ಲಿಂದೋ ಕಾಪಿ ಹೊಡದಾರ ಅಂತ ತಿಳೀರಿ, ಅದನ್ನೂ ಬರೀರಿ. ಸಭೆಯಾಗ ಬರೇ ಮಾತಾಡಿ ಬರಬ್ಯಾಡ್ರಿ, ಬರವಣಿಗಿ ಕೊಟ್ಟು ಇನ್ನೊಂದು ಪ್ರತಿ ಮ್ಯಾಲೆ ಸಿಕ್ಕಾ ಹಾಕಿಸ್ಕೋರಿ.

ಮತ್ತ ಆಮೆ ಕಂಡ ಜಾಗದ ಲೊಕೇಶನ್ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬ್ಯಾಡ್ರಿ, ಗಣಿ ಬರೋಕ್ಕಿಂತ ಮುಂಚೆ ಚೀಲ ಹಿಡ್ಕೊಂಡ್ ಬರೋರು ಬರ್ತಾರ.