ತ್ರಿವರ್ಣದ ಟೈ–ಡೈ: ಬಿಳಿ ಉಳಿಸುವುದೇ ದೊಡ್ಡ ಕೆಲಸ

ಆಗಸ್ಟ್ 15 ಹತ್ತಿರ ಬಂತೆಂದರೆ ಅಪಾರ್ಟ್‌ಮೆಂಟ್ ಟೆರೇಸುಗಳಲ್ಲಿ, ಶಾಲೆಯ ವರಾಂಡಗಳಲ್ಲಿ ಟೈ–ಡೈ, ಅಂದರೆ ಬಟ್ಟೆಯನ್ನು ಕಟ್ಟಿ ಬಣ್ಣ ಹಾಕುವ ಸಂಭ್ರಮ ಶುರುವಾಗುತ್ತದೆ. ಬಕೆಟ್ಟು, ಬಣ್ಣ, ರಬ್ಬರ್ ಬ್ಯಾಂಡು, ಮಕ್ಕಳ ಗಲಾಟೆ. ಮಾರನೇ ದಿನ ಹಗ್ಗದ ಮೇಲೆ ನೋಡಿದರೆ ಕೆಸರು ಬಣ್ಣದ ಅಂಗಿಗಳು ನೇತಾಡುತ್ತಿರುತ್ತವೆ. ಕೇಸರಿಗೆ ಹಸಿರು ಸೇರಿದರೆ ಕಂದು ಆಗದೆ ಇನ್ನೇನಾದೀತು? ನಡುವಿನ ಬಿಳಿಯನ್ನು ಯಾರೂ ಬಣ್ಣವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ಕಾಯುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಇದೆ.

14ರ ರಾತ್ರಿ ಕೂರಬೇಡಿ. ಆಗಸ್ಟ್ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ. 11 ಅಥವಾ 12ಕ್ಕೇ ಶುರು ಮಾಡಿ.

ಬಟ್ಟೆ ಯಾವುದು?

ನೂರಕ್ಕೆ ನೂರು ಹತ್ತಿ. ಓಟದ ಸ್ಪರ್ಧೆಗಳಲ್ಲಿ ಪುಕ್ಕಟೆ ಕೊಡುವ ನುಣುಪು ಟೀ ಶರ್ಟು ಪಾಲಿಯೆಸ್ಟರ್. ಅದಕ್ಕೆ ಈ ಬಣ್ಣ ಹಿಡಿಯುವುದೇ ಇಲ್ಲ. ಯೂನಿಫಾರ್ಮಿನ ಬಿಳಿ ಶರ್ಟಿನಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಬೆರಕೆ ಇರುತ್ತದೆ, ಬಣ್ಣ ಪೇಲವವಾಗುತ್ತದೆ. ಅನುಮಾನ ಇದ್ದರೆ ಒಳಹೊಲಿಗೆಯ ಅಂಚಿನಿಂದ ಒಂದು ಎಳೆ ಎಳೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ನನ್ನ ಆಯ್ಕೆ ಖಾದಿಯ ಬಿಳಿ ಜುಬ್ಬಾ. ಆದರೆ ಖಾದಿ ಅಂಗಡಿಯಲ್ಲೂ ಪಾಲಿಯೆಸ್ಟರ್ ಬೆರೆತ ಪಾಲಿವಸ್ತ್ರ ಇರುತ್ತದೆ, ಚೀಟಿ ಓದಿ ಕೊಳ್ಳಿ.

ಬಣ್ಣ ಯಾವುದು?

ಹತ್ತಿಯ ಎಳೆಯೊಂದಿಗೇ ರಾಸಾಯನಿಕವಾಗಿ ಕೂಡಿಕೊಳ್ಳುವ ರಿಯಾಕ್ಟಿವ್ ಡೈ ಮಾತ್ರ. ಬಟ್ಟೆ ಬಣ್ಣದ ಅಂಗಡಿಯಲ್ಲಿ ‘ಕೋಲ್ಡ್ ಬ್ರ್ಯಾಂಡ್’ ಎಂದೇ ಕೇಳಿ. ‘ಹಾಟ್ ಬ್ರ್ಯಾಂಡ್’ ಕೊಟ್ಟರೆ ವಾಪಸ್ ಕೊಡಿ, ಅದು ಕೂಡಿಕೊಳ್ಳಲು ಬಿಸಿ ಬೇಕು. ಉಪ್ಪು ಹಾಕಿ ಕುದಿಸುವ ಅಗ್ಗದ ಪುಡಿ ಪೊಟ್ಟಣ ತರಬೇಡಿ, ಒಗೆದಾಗಲೆಲ್ಲ ಅದು ಬಿಡುತ್ತಲೇ ಇರುತ್ತದೆ. ರಂಗೋಲಿ ಪುಡಿ, ಹೋಳಿ ಬಣ್ಣ, ಕೇಸರಿಬಾತಿನ ಬಣ್ಣ ಯಾವುದೂ ಆಗುವುದಿಲ್ಲ.

ಕೇಸರಿಗೆ ಅರಿಸಿನ ಸಾಲದೇ ಎನ್ನುವವರು ಇದ್ದೇ ಇರುತ್ತಾರೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರು ಕೆಂಪಾಗುತ್ತದೆ, ಅಲ್ವಾ? ಸೋಪು, ಸೋಡಾ ತಗುಲಿದಾಗ ಅಂಗಿಯ ಮೇಲೂ ಅದೇ ಆಗುತ್ತದೆ. ಸಾಲದ್ದಕ್ಕೆ ಬಿಸಿಲಿಗೆ ಬೇಗ ಮಾಸುತ್ತದೆ.

ಹಳದಿ, ಕೆಂಪು, ನೀಲಿ ಮೂರೇ ಪುಡಿ ಸಾಕು. ಹಳದಿ ದ್ರಾವಣಕ್ಕೆ ಕೆಂಪನ್ನು ಹನಿ ಹನಿಯಾಗಿ ಸೇರಿಸಿದರೆ ಕೇಸರಿ, ನೀಲಿ ಸೇರಿಸಿದರೆ ಹಸಿರು. 250 ಮಿ.ಲೀ. ನೀರಿಗೆ 2 ಟೀ ಚಮಚ ಪುಡಿ. ಒದ್ದೆಯಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಹಾಗಾಗಿ ಟಿಶ್ಯೂ ಮೇಲೆ ಹನಿ ಹಾಕಿ ಒಣಗಿಸಿ ನೋಡಿ. ಪುಡಿ ಕಲಸುವಾಗ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು. ಕಲಸುವ ಕೆಲಸ ದೊಡ್ಡವರದು. ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಸೋಡಾ ನೀರು

ಹೊಸ ಬಟ್ಟೆಯ ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಒಗೆಯಿರಿ. ಮೆದು ಮಾಡುವ ಕಂಡೀಷನರ್ ಬೇಡ. ನಂತರ 4 ಲೀಟರ್ ನೀರಿಗೆ 150 ಗ್ರಾಂ ಸೋಡಾ ಆಶ್ (ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ) ಕರಗಿಸಿ, 20 ನಿಮಿಷ ನೆನೆಸಿ. ಹರಳು ಹರಳಾದ ವಾಷಿಂಗ್ ಸೋಡಾ ಸಿಕ್ಕರೆ 400 ಗ್ರಾಂ ಹಾಕಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅಡುಗೆ ಸೋಡಾ ಬೇರೆ ವಸ್ತು, ಅದು ಇಲ್ಲಿ ಕೆಲಸಕ್ಕೆ ಬಾರದು. ಬಣ್ಣ ನಿಲ್ಲಲಿ ಎಂದು ವಿನೆಗರ್ ಸುರಿಯುವ ಸಲಹೆ ವಿಡಿಯೊಗಳಲ್ಲಿ ಸಿಗುತ್ತದೆ. ಹತ್ತಿಗೆ ಈ ಬಣ್ಣ ಕೂಡಿಕೊಳ್ಳಲು ಕ್ಷಾರ ಬೇಕು. ವಿನೆಗರ್ ಆಮ್ಲ, ಸೋಡಾ ಮಾಡಿದ ಕೆಲಸವನ್ನು ಕೆಡಿಸುತ್ತದೆ, ಅಷ್ಟೇ.

ನೆನೆದ ಬಟ್ಟೆಯನ್ನು ಮಷಿನ್ನಿನಲ್ಲಿ ಸ್ಪಿನ್ ಮಾಡಿ. ಬರೀ ತೇವ ಉಳಿಯಬೇಕು. ನೀರು ತೊಟ್ಟಿಕ್ಕುವ ಬಟ್ಟೆಗೆ ಬಣ್ಣ ಹಾಕಿದರೆ ಅದು ಬಿಳಿಯ ಕಡೆಗೇ ಓಡುತ್ತದೆ.

ಕಟ್ಟುವುದು

ಇಲ್ಲಿ ಆತುರ ಬೇಡ. ಅಂಗಿಯನ್ನು ನೆಲದ ಮೇಲೆ ಹರಡಿ. ಎಡ ಭುಜದಿಂದ ಬಲ ತುದಿಯ ಕೆಳ ಅಂಚಿಗೆ ಪೆನ್ಸಿಲಿನಲ್ಲಿ ಓರೆ ಗೆರೆ ಎಳೆಯಿರಿ. ಆ ಗೆರೆಯ ಉದ್ದಕ್ಕೂ, ಸೀರೆ ನೆರಿಗೆ ಹಿಡಿದ ಹಾಗೆ, ಎರಡು ಬೆರಳಗಲದ ಮಡಿಕೆ ಹಾಕುತ್ತಾ ಹೋಗಿ. ಕೊನೆಗೆ ಉದ್ದನೆಯ ಪಟ್ಟಿಯಾಗುತ್ತದೆ. ಒಂದು ತುದಿ ಭುಜ, ಇನ್ನೊಂದು ತುದಿ ಕೆಳ ಅಂಚು.

ಈಗ ನಡುವಿನ ಮೂರನೇ ಒಂದು ಭಾಗಕ್ಕೆ ಪಾಲಿಥೀನ್ ಕವರನ್ನು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ. ಅದರ ಎರಡೂ ಅಂಚಿನಲ್ಲಿ ಕಟ್ಟು ಬೀಳಬೇಕು. ಮಾಮೂಲಿ ರಬ್ಬರ್ ಬ್ಯಾಂಡ್ ಇಲ್ಲಿ ಸಾಲದು. ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ ತಂದು ಬೆರಳಗಲದ ಪಟ್ಟಿ ಕತ್ತರಿಸಿಕೊಳ್ಳಿ. ನೂಲಿಗೇ ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯುವ, ತೆಲಂಗಾಣದ ಪೋಚಂಪಳ್ಳಿಯ ಇಕ್ಕತ್ ನೇಕಾರರು ನೂಲು ಕಟ್ಟಲು ಬಳಸುವುದೂ ಇದನ್ನೇ. ಪೂರ್ತಿ ಎಳೆದು ಹಿಡಿದು, ಸುತ್ತಿನ ಮೇಲೆ ಸುತ್ತು ಹಾಕಿ. ಒಂದು ಅಂಗುಲ ಅಗಲದ ಕಟ್ಟಾಗಬೇಕು. ಉಗುರು ತೂರಿಸಿ ನೋಡಿ. ತೂರಿದರೆ ಬಣ್ಣವೂ ತೂರುತ್ತದೆ, ಬಿಚ್ಚಿ ಮತ್ತೆ ಕಟ್ಟಿ.

ಓರೆಯಾಗಿಯೇ ಏಕೆ ಎಂದರೆ, ಧ್ವಜದ ನಕಲು ಆಗಬಾರದು ಎಂದು. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾನೂನು, 2002ರ ಧ್ವಜ ಸಂಹಿತೆ ಎರಡೂ ಇದನ್ನು ಬಿಡಿಸಿ ಹೇಳುತ್ತವೆ. ಸೊಂಟದ ಕೆಳಗೆ ಧರಿಸುವ ಉಡುಪಾಗಿ ಧ್ವಜವನ್ನು ಬಳಸುವಂತಿಲ್ಲ. ಕರವಸ್ತ್ರ, ದಿಂಬು, ಒಳ ಉಡುಪು, ಉಡುಪಿನ ಬಟ್ಟೆಯ ಮೇಲೆ ಮುದ್ರಿಸುವಂತಿಲ್ಲ. ಆದ್ದರಿಂದ ಎದೆಯ ಮೇಲೆ ನೀಲಿ ಚಕ್ರ ಬರೆಯುವ ಉತ್ಸಾಹ ಬೇಡ. ಬಣ್ಣಗಳಷ್ಟೇ ಇರಲಿ.

ಬಣ್ಣ ಹಾಕುವುದು

ಖಾಲಿ ಸಾಸ್ ಬಾಟಲಿಗೆ ಬಣ್ಣ ತುಂಬಿಕೊಳ್ಳಿ. ಪಟ್ಟಿಯ ಒಂದು ತುದಿಗೆ ಕೇಸರಿ, ಇನ್ನೊಂದು ತುದಿಗೆ ಹಸಿರು. ಕಟ್ಟನ್ನು ಜಾಲರಿಯ ಮೇಲಿಡಿ, ತಟ್ಟೆಯಲ್ಲಿ ಇಡಬೇಡಿ. ತಟ್ಟೆಯಲ್ಲಿ ನಿಂತ ಬಣ್ಣದ ನೀರೇ ಬಿಳಿಗೆ ಮೊದಲ ಶತ್ರು. ಬಾಟಲಿಯ ಮೂತಿಯನ್ನು ಮಡಿಕೆಗಳ ಒಳಗೆ ತೂರಿಸಿ ಹಾಕಿ, ಇಲ್ಲದಿದ್ದರೆ ಒಳಗೆಲ್ಲ ಬಿಳಿ ಮಚ್ಚೆ ಉಳಿಯುತ್ತದೆ. ರಬ್ಬರ್ ಪಟ್ಟಿಗೆ ಅರ್ಧ ಅಂಗುಲ ಇರುವಾಗಲೇ ನಿಲ್ಲಿಸಿ, ಮುಂದಿನದನ್ನು ಬಣ್ಣವೇ ಹರಿದು ಮುಟ್ಟುತ್ತದೆ. ತಿರುಗಿಸಿ ಇನ್ನೊಂದು ಬದಿಗೂ ಹಾಕಿ.

ಆಮೇಲೆ ಎಲ್ಲರೂ ಇಡೀ ಕಟ್ಟನ್ನು ಮುದುರಿ ಒಂದೇ ಕವರಿಗೆ ತುರುಕುತ್ತಾರೆ. ಕೇಸರಿ ತುದಿಗೊಂದು, ಹಸಿರು ತುದಿಗೊಂದು ಬೇರೆ ಬೇರೆ ಕವರ್ ಹಾಕಿ, ಉದ್ದಕ್ಕೆ ಮಲಗಿಸಿ. ರಾಯಚೂರು, ಕಲಬುರಗಿಯ ಸೆಕೆಯಲ್ಲಿ 12 ಗಂಟೆ ಸಾಕು. ಬೆಂಗಳೂರು, ಮಡಿಕೇರಿಯ ಚಳಿಗೆ 24 ಗಂಟೆ ಬಿಡಿ. ಅದು ಒಣಗಬಾರದು.

ತೊಳೆಯುವುದು

ಎಲ್ಲ ಸರಿಯಾಗಿ ಮಾಡಿ ಕೊನೆಗೆ ಇಲ್ಲಿ ಕೆಡಿಸಿಕೊಳ್ಳುವವರೇ ಜಾಸ್ತಿ. ಕುತೂಹಲ ತಡೆಯದೆ ಕಟ್ಟು ಬಿಚ್ಚಿ ಬಕೆಟ್ಟಿನಲ್ಲಿ ಮುಳುಗಿಸುತ್ತಾರೆ. ಬಟ್ಟೆಗೆ ಅಂಟದ ಬಣ್ಣವೆಲ್ಲ ನೀರಿಗೆ ಬಂದು, ಜೊತೆಗೇ ಇರುವ ಸೋಡಾದ ದೆಸೆಯಿಂದ ಬಿಳಿಯನ್ನು ಹಿಡಿಯುತ್ತದೆ.

ಕಟ್ಟು ಹಾಗೇ ಇರಲಿ. ನಲ್ಲಿಯ ತಣ್ಣೀರಿಗೆ ಮೊದಲು ಕೇಸರಿ ತುದಿ, ನಂತರ ಹಸಿರು ತುದಿ ಹಿಡಿಯಿರಿ. ತೊಳೆಯುವ ತುದಿ ಯಾವಾಗಲೂ ಕೆಳಮುಖವಾಗಿರಲಿ, ನೀರು ಬಿಳಿಯಿಂದ ದೂರ ಹರಿಯಬೇಕು. ತಣ್ಣೀರೇ ಏಕೆಂದರೆ, ಮೊದಲು ಸೋಡಾ ಹೋಗಬೇಕು. ಅದು ಹೋದರೆ ಬಿಡುವ ಬಣ್ಣಕ್ಕೆ ಗಟ್ಟಿಯಾಗಿ ಕೂರುವ ಶಕ್ತಿ ಇರುವುದಿಲ್ಲ. ನೀರು ತಿಳಿಯಾದ ಮೇಲೆ, ಹರಿಯುವ ನೀರಿನ ಕೆಳಗೇ ರಬ್ಬರ್, ಪಾಲಿಥೀನ್ ಬಿಚ್ಚಿ. ಇನ್ನಷ್ಟು ಹೊತ್ತು ತೊಳೆಯಿರಿ. ಆಮೇಲೆ ಸ್ನಾನದ ನೀರಿಗಿಂತ ಜಾಸ್ತಿ ಬಿಸಿ ಇರುವ ನೀರು, ಸ್ವಲ್ಪ ಡಿಟರ್ಜೆಂಟ್. ಕೋಲಿನಿಂದ ಆಡಿಸುತ್ತಾ ಇರಿ, ಮುದ್ದೆಯಾಗಿ ಬಿಟ್ಟು ಹೋಗಬೇಡಿ. ನೀರು ಬದಲಿಸುತ್ತಾ ಬಣ್ಣ ಬಿಡುವುದು ನಿಲ್ಲುವವರೆಗೂ ಮಾಡಿ. ಒದ್ದೆ ಬಟ್ಟೆಯ ಮೇಲೆ ಬಿಳಿ ಚಿಂದಿ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಹೊಲಿಗೆ ದಾರ ಬೆಳ್ಳಗೇ ಉಳಿದರೆ ಗಾಬರಿ ಬೇಡ, ಅದು ಪಾಲಿಯೆಸ್ಟರ್. ನೆರಳಿನಲ್ಲಿ ಒಣಗಿಸಿ, ಮೊದಲ ಕೆಲವು ಸಲ ಬೇರೆಯಾಗಿ ಒಗೆಯಿರಿ.

ಕಲಸಿದ ಬಣ್ಣ ಒಂದು ವಾರದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಒಣ ಪುಡಿಯಾದರೆ ಬಿಗಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಉಳಿದ ಹಳದಿ, ಕೆಂಪನ್ನು ನವೆಂಬರ್ 1ಕ್ಕೆ ಎತ್ತಿಡಿ. ರಾಜ್ಯೋತ್ಸವದ ಅಂಗಿಗೆ ಇಷ್ಟೆಲ್ಲ ಕಾವಲು ಬೇಕಿಲ್ಲ: ಹಳದಿ, ಕೆಂಪು ಬೆರೆತರೆ ಹೆಚ್ಚೆಂದರೆ ಕಿತ್ತಳೆ ಬಣ್ಣವಾಗುತ್ತದೆ.