ಹಳೆಯ ಆಮದು ಮಸ್ಟಾಂಗ್‌ಗೆ ಬೆಲೆ ಕಟ್ಟುವ ಬಗೆ

2016ರಲ್ಲಿ ಫೋರ್ಡ್ ಕಂಪನಿಯು ಅಮೆರಿಕದಲ್ಲೇ ಪೂರ್ತಿ ಜೋಡಿಸಿದ, ಬಲಗಡೆ ಸ್ಟಿಯರಿಂಗ್ ಇರುವ ಮಸ್ಟಾಂಗ್ ಜಿಟಿಯನ್ನು ಭಾರತಕ್ಕೆ ತಂದಾಗ ಅದರ ದೆಹಲಿ ಶೋರೂಂ ಬೆಲೆ 65 ಲಕ್ಷ ರೂಪಾಯಿ ಇತ್ತು. ಇದರಲ್ಲಿ ಆಮದು ಸುಂಕದ ಪಾಲು ದೊಡ್ಡದಾದ್ದರಿಂದ, ಹಳೆಯ ಕಾರನ್ನು ಅಮೆರಿಕದ ದರಕ್ಕೆ ಹೋಲಿಸಿ ಚೌಕಾಸಿ ಮಾಡುವುದು ಸರಿಯಲ್ಲ. ಅದೇ ವರ್ಷದ ಕಾರು ಇಲ್ಲಿ ಎಷ್ಟಕ್ಕೆ ಕೈಬದಲಾಗುತ್ತಿದೆ ಎಂಬುದನ್ನೇ ವಿಚಾರಿಸಬೇಕು.

ಮೊದಲು 17 ಅಕ್ಷರಗಳ ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ಹತ್ತನೆಯ ಅಕ್ಷರ ಜಿ ಆಗಿದ್ದರೆ ಅದು 2016ರ ಮಾದರಿ, ಎಚ್ ಆಗಿದ್ದರೆ 2017ರದ್ದು.

ಬೆಲೆಯನ್ನು ನಿಜವಾಗಿ ಕಾಯುವುದು ಕಾರಿನ ಮೂಲಸ್ಥಿತಿ ಎಂಬುದು ನನ್ನ ದೃಢವಾದ ನಂಬಿಕೆ. ಸದ್ದಿನ ಆಸೆಗೆ ಸೈಲೆನ್ಸರ್ ಬದಲಿಸಿದ್ದರೆ, ತೆಗೆದಿಟ್ಟ ಮೂಲ ಸೈಲೆನ್ಸರನ್ನು ಕೇಳಿ ಪಡೆಯಿರಿ. 5 ಲೀಟರಿನ ವಿ8 ಎಂಜಿನ್ನನ್ನು ಬೆಳಗ್ಗೆ ಅದು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಬಾನೆಟ್ ಬಳಿ ನಿಂತು ಆಲಿಸಿ. ಬಂಪರಿನ ಅಡಿಭಾಗ ಹಂಪುಗಳಿಗೆ ಉಜ್ಜಿದೆಯೇ ಎಂದು ಬಗ್ಗಿ ನೋಡಿ. 2021ರಲ್ಲಿ ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ, ಬಿಡಿಭಾಗ ಎಲ್ಲಿಂದ ತರಿಸುತ್ತಾರೆಂಬುದನ್ನು ಕೇಳದೆ ಮುಂಗಡ ಕೊಡಬೇಡಿ.

ಹೊರರಾಜ್ಯದ ನೋಂದಣಿಯಾಗಿದ್ದರೆ, ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಲೆಕ್ಕ ಹಾಕಿ, ಒಪ್ಪಿದ ಬೆಲೆಗೆ ಸೇರಿಸಿಕೊಳ್ಳಿ.